ಸೆರಗಿನಲ್ಲಿ ತಿರುಗಿದ ಹೆಸರು

ಮಗ್ಗದಿಂದ ಇಳಿದ ಮದುವೆ ಸೀರೆಯನ್ನು ನೇಕಾರ ಅಲ್ಲಾಸಾಬ ಮಗುಚಿ ಹರವಿದ. ಸೆರಗಿನ ಮೇಲೆ ಮದುಮಗಳ ಹೆಸರು, ನಾಜಮೀನ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

"ಜಬೀನಾ, ಏನ್ ಚಿತ್ರಾ ಬರದೀ ನೀನು?" ಗಜೇಂದ್ರಗಡದ ಆ ಮಗ್ಗದ ಮನೆಯ ಮಾಲೀಕ ಪ್ರಾಣೇಶ ಸೆರಗಿನ ಚಿತ್ರ ಬರೆಯುವ ಹುಡುಗಿಯ ಮೇಲೆ ಗುಡುಗಿದ. "ನಾಳಿಂದ ಬರಬ್ಯಾಡ."

"ನಾ ಸರಿಯಾಗೇ ಬರದೇನ್ರಿ, ಸರ."

"ಹಂಗಾರ ಅಕ್ಷರ ತಾವಾ ಹೊಳ್ಳಿದ್ವೇನು?"

ಮೇಧಾ ಎದ್ದಳು. ಚಿತ್ರವನ್ನು ಮಗ್ಗಕ್ಕೆ ತಿಳಿಸುವ ಸಾಫ್ಟ್‌ವೇರ್ ಕಟ್ಟಿದವಳು ಅವಳು. "ಸಂಜಿತನಕಾ ತಡೀರಿ, ಸರ. ಆಮ್ಯಾಲ ಬೈರಿ."

\*\*\*

"ಕಾಕಾ, ನೇಯುವಾಗ ಏನೂ ಕಾಣಲಿಲ್ಲೇನು?" ಮೇಧಾ ಅಲ್ಲಾಸಾಬನನ್ನು ಕೇಳಿದಳು.

"ಏನ್ ಹೇಳ್ಲಿ ಅಕ್ಕಾರ, ಈ ಸಲ ಹೆಸರು ಚಲೋ ಓದಾಕ ಬರತಿತ್ರಿ! ಖುಷಿ ಆಗಿತ್ತು."

ಮೇಧಾ ತಟ್ಟನೆ ನಿಂತಳು. ಆ ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗೆ, ಬೆನ್ನು ಮೇಲೆ. ಮೇಲಿಂದ ನೋಡುವ ನೇಕಾರನಿಗೆ ಹೆಸರು ಉಲ್ಟಾ ಕಾಣಬೇಕು, ಓದಲು ಬರಲೇಬಾರದು.

ರಮಜಾನಿನಲ್ಲಿ ಸರಿಯಾಗಿ ನೇಯ್ದಿದ್ದ ಹಳೆಯ ಚಿತ್ರವನ್ನು ಹಾಕಿದಳು. ಅದೂ ಉಲ್ಟಾ ಬಂತು.

"ಚಿತ್ರದ್ದು ತಪ್ಪಲ್ಲ."

"ಸಾಫ್ಟ್‌ವೇರ್ ಜಬೀನಾನೂ ತಿದ್ದ್ಯಾಳಲ್ಲ?" ಪ್ರಾಣೇಶ ಬಿಡಲಿಲ್ಲ.

"ನಾನೂ ತಿದ್ದೇನಿ, ನೀವೂ ತಿದ್ದೀರಿ. ಯಾರು ಏನು ತಿದ್ದಿದ್ರೂ ಅದರ ಗುರುತು ಒಳಗ ಇರ್ತದ. ಬೇಕಾದ ದಿನದ ಸಾಫ್ಟ್‌ವೇರ್ ಹಂಗ ವಾಪಸ್ ತರಬಹುದು."

\*\*\*

ರಮಜಾನಿಗೂ ಇಂದಿಗೂ ನಡುವೆ ನೂರಾರು ತಿದ್ದುಪಡಿ. ಮೇಧಾ ನಟ್ಟನಡುವಿನ ದಿನದ ಸಾಫ್ಟ್‌ವೇರನ್ನು ಎಬ್ಬಿಸಿದಳು. ಅಲ್ಲಾಸಾಬ ನಾಲ್ಕು ಬೆರಳು ನೇಯ್ದ.

"ಓದಾಕ ಬರತೈತ್ರಿ."

ಅಂದರೆ ಇದರಲ್ಲೂ ತಪ್ಪಿದೆ, ಅದು ಮೊದಲೇ ಹೊಕ್ಕಿದೆ. ಅರ್ಧದಷ್ಟು ದಿನಗಳು ಒಂದೇ ಏಟಿಗೆ ಕಳಚಿ ಬಿದ್ದವು. ಉಳಿದರ್ಧದ ನಡುವಿಗೆ ಹೋದಳು.

"ಈಗ ಬರವಲ್ದು."

ಮತ್ತೆ ಅರ್ಧ. ಮತ್ತೆ ಅದರರ್ಧ. ಕಳೆದುಹೋದ ದಿನಗಳು ಒಂದೊಂದಾಗಿ ಮಗ್ಗಕ್ಕೆ ಬಂದು, ದಾರದಲ್ಲಿ ಸಾಕ್ಷಿ ಹೇಳಿ ಹೋಗುತ್ತಿದ್ದವು. ಅಲ್ಲಾಸಾಬನ ಕೈ ನಿಂತಿತು.

"ಯಾ ಅಲ್ಲಾ! ಹೋದ ದಿನಾನ ಕರದು ಮಾತಾಡಸಾಕತ್ತೀರಲ್ರಿ!"

ಜಬೀನ ಮಗ್ಗದ ಹತ್ತಿರ ಸರಿದಳು.

ಕೊನೆಗೆ ಅಕ್ಕಪಕ್ಕದ ಎರಡು ದಿನ ಉಳಿದವು. ಒಂದರಲ್ಲಿ ಹೆಸರು ಓದಲು ಬರಲಿಲ್ಲ. ಮರುದಿನದ್ದರಲ್ಲಿ ಬಂತು. ನಡುವೆ ಒಂದೇ ತಿದ್ದುಪಡಿ, ಅಳಿಸಿಹೋದ ಒಂದೇ ಸಾಲು.

"ಸರ, ಇದು ನಿಮ್ಮ ಕೈಯಿಂದು."

ಪ್ರಾಣೇಶ ಬಗ್ಗಿ ಪರದೆಯ ಮೇಲಿನ ಸಾಲು ಓದಿದ. "ಗಿರಾಕಿಗೆ ತೋರಸುವಾಗ ಪರದೆ ಮ್ಯಾಲ ಹೆಸರು ಉಲ್ಟಾ ಕಂಡಿತ್ತು. ಈ ಸಾಲು ತಗದು ಸರಿ ಮಾಡೇನಿ ಅಂದ್ಕೊಂಡಿದ್ದೆ."

"ಉಲ್ಟಾ ಮಾಡೂದ ಆ ಸಾಲಿನ ಕೆಲಸಾರಿ. ಬಟ್ಟಿ ಮುಖ ಕೆಳಗ ಇರ್ತದಲ್ಲ? ಮಗ್ಗಕ್ಕ ಹೆಸರು ಉಲ್ಟಾನ ಹೋಗಬೇಕು. ಆ ಸಾಲು ಹೋತು, ಸೆರಗು ಕೆಟ್ಟತು."

ಅಳಿಸಿದ ಸಾಲನ್ನು ಮೇಧಾ ಮರಳಿ ಸೇರಿಸಿದಳು. ಮಗ್ಗ ಮತ್ತೆ ಸದ್ದು ಮಾಡಿತು. ಜಬೀನ ಮೊಬೈಲಿನ ಬೆಳಕು ಹಿಡಿದು ಮಗ್ಗದ ಕೆಳಗೆ ತೂರಿದಳು. ಪ್ರಾಣೇಶನೂ ಪ್ಯಾಂಟಿನ ಧೂಳು ಲೆಕ್ಕಿಸದೆ ಅವಳ ಪಕ್ಕದಲ್ಲಿ ಮಂಡಿಯೂರಿದ.

ಕತ್ತಲಲ್ಲಿ ಜರಿಯ ಅಕ್ಷರಗಳು ಒಂದೊಂದಾಗಿ ಹುಟ್ಟಿ ಬರುತ್ತಿದ್ದವು, ನೆಟ್ಟಗೆ.

"ತಪ್ಪು ನಂದವ್ವಾ," ಎಂದ ಪ್ರಾಣೇಶ ಮೆಲ್ಲಗೆ. "ನೀ ಎಲ್ಲೂ ಹೋಗಬ್ಯಾಡ."