ಬಿಟ್ಟದ್ದನ್ನು ಹೇಳುವ ಪೆಟ್ಟಿಗೆ

ಕೆಂಚನಹಳ್ಳದ ಪಂಚಾಯಿತಿ ಭವನದಲ್ಲಿ ಬೆಳಗಿನ ಹತ್ತೂವರೆಗೆ ಪೆಟ್ಟಿಗೆ ಕೆಲಸ ಶುರುಮಾಡಿತು. ಹೊಲಿಗೆ ಯಂತ್ರದಷ್ಟು ಗಾತ್ರ, ಸದ್ದೇನೂ ಇಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ, ೨೦೩೮ರಲ್ಲಿ, ಅಣೆಕಟ್ಟಿನ ನೀರು ಏಕಾಏಕಿ ನುಗ್ಗಿ ಕೆಳಸೇತುವೆಯ ಮೇಲಿದ್ದ ಒಂಬತ್ತು ಮಂದಿ ಕೊಚ್ಚಿಹೋಗಿದ್ದರು. ಆ ಪ್ರಕರಣದ ತನಿಖಾ ವರದಿಯನ್ನು ಅದಕ್ಕೆ ಓದಲು ಕೊಟ್ಟಿದ್ದರು. ಗೋಡೆಯ ಪರದೆಯ ಮೇಲೆ ಬಿಳಿ ಚುಕ್ಕೆಗಳು ಮೂಡಿದವು. ಅವು ವರದಿ ಬಳಸಿಕೊಂಡ ದಾಖಲೆಗಳು. ಆಮೇಲೆ ಕೆಂಪು ಚುಕ್ಕೆಗಳು ಬಂದವು. ಅವು ಕೈಯಲ್ಲಿದ್ದೂ ಬಿಟ್ಟ ದಾಖಲೆಗಳು. ಬಿಳಿ ಹನ್ನೆರಡು, ಕೆಂಪು ನಲವತ್ತೊಂದು.

ಜನ ಹೋ ಎಂದರು. ಪೆಟ್ಟಿಗೆಯನ್ನು ತಯಾರಿಸಿದ ಡಾ. ದಾನಮ್ಮ ಬಳೂಟಗಿ ಮಾತ್ರ ಕಣ್ಣು ಮುಚ್ಚಿ ಕುಳಿತಿದ್ದಳು.

ಆ ಪೆಟ್ಟಿಗೆ ಸುಳ್ಳು ಹಿಡಿಯುವ ಯಂತ್ರವಲ್ಲ. ಜನ ಸುಳ್ಳು ಹೇಳುವುದು ಕಡಿಮೆ, ತಮಗೆ ಬೇಕಾದಷ್ಟೇ ನಿಜ ಹೇಳುವುದು ಹೆಚ್ಚು ಎಂದು ದಾನಮ್ಮ ಕಂಡುಕೊಂಡಿದ್ದಳು. ಒಂದು ಸಂಗತಿಗೆ ಸಂಬಂಧಿಸಿದ ಪತ್ರ, ಫೋನ್ ಕರೆ, ಅಳತೆ, ಚಿತ್ರ ಎಲ್ಲವನ್ನೂ ಭಂಡಾರಗಳಿಂದ ಹೆಕ್ಕಿ ತಂದು, ವಾದಿಸುವವರು ಯಾವುದನ್ನು ಎತ್ತಿಕೊಂಡರು, ಯಾವುದನ್ನು ಮೆಲ್ಲಗೆ ಸರಿಸಿಟ್ಟರು ಎಂದು ತೋರಿಸುವುದಷ್ಟೇ ಅದರ ಕೆಲಸ. ನ್ಯಾಯಾಲಯಗಳಲ್ಲಿ ಅದು ಬಂದು ಎರಡು ವರ್ಷವಾಗಿತ್ತು. ದೊಡ್ಡ ದೊಡ್ಡ ವಕೀಲರೂ ಅದರ ಮುಂದೆ ಬಾಯಿ ಒಣಗಿಸಿಕೊಂಡಿದ್ದರು.

ಆದರೆ ಅವಳು ಅದನ್ನು ಕಟ್ಟಿದ್ದು ವಕೀಲರಿಗಾಗಿ ಅಲ್ಲ, ಅಣ್ಣ ಫಕೀರಪ್ಪನಿಗಾಗಿ. ಅವನು ಆ ಅಣೆಕಟ್ಟಿನಲ್ಲಿ ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವ ನೌಕರ. ನೀರು ಏರಿದ್ದನ್ನು ಕಂಡೂ ಸುಮ್ಮನಿದ್ದ ಎಂದು ವರದಿ ಹೇಳಿತು. ಕೆಲಸ ಹೋಯಿತು. ಊರವರ ಮುಖ ನೋಡಲಾರದೆ ಮೂರು ವರ್ಷ ಕೊರಗಿ ಸತ್ತ. ಕೆಳಸೇತುವೆಯ ಬಳಿಯ ಕಲ್ಲಿನಲ್ಲಿ ‘ಕಾವಲಿನವನ ನಿರ್ಲಕ್ಷ್ಯದಿಂದ ಮಡಿದವರು’ ಎಂಬ ಸಾಲಿನ ಕೆಳಗೆ ಒಂಬತ್ತು ಹೆಸರುಗಳಿದ್ದವು. ಆ ಸಾಲನ್ನು ಅಳಿಸಬೇಕು. ಅದೊಂದೇ ಅವಳ ಆಸೆ, ಅದಕ್ಕೇ ಅರ್ಜಿ ಹಾಕಿದ್ದಳು.

ಕೆಂಪು ಚುಕ್ಕೆಗಳು ಅವನ ಪರವಾಗಿಯೇ ಮಾತಾಡಿದವು. ನೀರಿನ ಮಟ್ಟ ಅಳೆಯುವ ಸೆನ್ಸರ್ ಹೂಳಿನಲ್ಲಿ ಕೆಟ್ಟು ವರ್ಷವಾಗಿತ್ತು. ಸೈರನ್ ಕೂಗುತ್ತಿಲ್ಲವೆಂದು ಫಕೀರಪ್ಪ ಮೂರು ಪತ್ರ ಬರೆದಿದ್ದ. ಅಂದು ಸಂಜೆ ಐದೂ ಹತ್ತರಿಂದ, ನೀರು ನುಗ್ಗುವ ಸ್ವಲ್ಪ ಮೊದಲು, ಮೇಲಧಿಕಾರಿಗಳಿಗೆ ನಾಲ್ಕು ಸಲ ಫೋನ್ ಮಾಡಿದ್ದ, ಯಾರೂ ಎತ್ತಿರಲಿಲ್ಲ.

ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶ ಮೌನೇಶ ಬಡಿಗೇರ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನ ನಿಮ್ಮ ಅರ್ಜಿನೂ ಹಾಕಬೇಕಲ್ಲಮ್ಮ. ಎರಡೂ ಕಡೆ ನೋಡಬೇಕನ್ನೋ ನಿಯಮ ಮಾಡಿದಾಕಿ ನೀವ."

"ಹಾಕ್ರಿ ಸರ. ನಂದರಾಗ ಮುಚ್ಚಿಡೂದು ಏನೂ ಇಲ್ಲ" ಎಂದಳು ದಾನಮ್ಮ. ಹಾಗೆಂದು ನಿಜವಾಗಿಯೂ ನಂಬಿದ್ದಳು.

ಪರದೆ ತುಂಬ ಬಿಳಿ. ಮುನ್ನೂರಕ್ಕೂ ಹೆಚ್ಚು ಕಾಗದಗಳನ್ನು ಅವಳು ಕೂಡಿಟ್ಟಿದ್ದಳು. ಕೆಂಪು ಒಂದೂ ಇಲ್ಲ. ಆದರೆ ನಡುವೆ ಒಂದು ಕಪ್ಪು ಚುಕ್ಕೆ ಮೂಡಿತು.

ಹಲ್ಲು ಬಿದ್ದ ಜಾಗಕ್ಕೇ ನಾಲಿಗೆ ಮತ್ತೆ ಮತ್ತೆ ಹೋಗುವಂತೆ, ಏನೋ ಇರಬೇಕಾದ ಕಡೆ ಇಲ್ಲದಿದ್ದರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಬಂದವು: ‘ಮೇಲ್ಭಾಗದ ಊರಿನ ಅಳತೆಯಂತೆ ಇಲ್ಲಿ ನಾಲ್ಕು ಗಂಟೆಗೆ ನೀರು ಮೂರಡಿ ಏರಿರಬೇಕು. ಪುಸ್ತಕದಲ್ಲಿ ಏರಿಲ್ಲ. ಕಾರಣ ಯಾವ ದಾಖಲೆಯಲ್ಲೂ ಇಲ್ಲ.’

ಅಣೆಕಟ್ಟಿನ ಊರಿನವರಿಗೆ ತಟ್ಟನೆ ಅರ್ಥವಾಯಿತು. ಮಟ್ಟ ಬರೆಯುವವರು ಚಹಾಕ್ಕೋ ಊಟಕ್ಕೋ ಹೋಗುವಾಗ ಮುಂದಿನ ಒಂದೆರಡು ಗಂಟೆಯ ಅಂಕಿಗಳನ್ನು ಅಂದಾಜಿನ ಮೇಲೆ ಮೊದಲೇ ಬರೆದಿಟ್ಟು ಹೋಗುವುದು ಅಲ್ಲಿನ ಹಳೆಯ ರೂಢಿ. ಬೇಸಿಗೆಯಲ್ಲಿ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಅದು ಬೇಸಿಗೆಯಾಗಿರಲಿಲ್ಲ.

ಹಿಂದಿನ ಸಾಲಿನಿಂದ ಹುಲಿಗೆಮ್ಮ ಎದ್ದು ನಿಂತಳು. ಕಲ್ಲಿನ ಮೇಲಿನ ಒಂಬತ್ತು ಹೆಸರುಗಳಲ್ಲಿ ಕೊನೆಯದು ಅವಳ ಮಗಳು ಸ್ಫೂರ್ತಿಯದು.

"ಎಲ್ಲಿ ಹೋಗಿದ್ದ ಫಕೀರಣ್ಣ?"

ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಸತ್ತವನನ್ನು ಕೇಳುವಂತಿಲ್ಲ, ದಾಖಲೆಯಿಲ್ಲ, ಕಪ್ಪು ಚುಕ್ಕೆಯೊಂದಕ್ಕೆ ತೀರ್ಪು ನಿಲ್ಲುವುದೂ ಇಲ್ಲ. ದಾನಮ್ಮನ ಬಾಯಿ ಒಣಗಿತು.

ಅಂದು ನಾಲ್ಕರ ಬಸ್ಸಿಗೆ ಅವಳು ಊರಿಗೆ ಬಂದಿದ್ದಳು. ಸಂಶೋಧನೆಗೆ ಸೀಟು ಸಿಕ್ಕಿತ್ತು. "ಅಣ್ಣಾ, ನೀನ ಬರಬೇಕ ನೋಡು ಕರಿಯಾಕ" ಎಂದು ಫೋನಿನಲ್ಲಿ ಹಟ ಹಿಡಿದಿದ್ದಳು. ಅವನು ಬಂದ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಿರ್ಚಿ ಭಜಿ ಕೊಡಿಸಿದ, ಕಂಡಕಂಡವರಿಗೆಲ್ಲ ನನ್ನ ತಂಗಿ ಎಂದು ತೋರಿಸಿದ, ಮನೆಗೆ ಬಿಟ್ಟು ಅಣೆಕಟ್ಟಿಗೆ ಓಡಿದ. ಮುಂದೆ ತನಿಖೆಯವರು ಎಷ್ಟು ಕೇಳಿದರೂ ‘ಅಣೆಕಟ್ಟಿನಲ್ಲೇ ಇದ್ದೆ’ ಎಂದೇ ಹೇಳಿದ. ತಂಗಿಯ ಹೆಸರು ಬಾರದಿರಲೆಂದು ಅವನು ಹೇಳಿದ ಆ ಮಾತೇ ಅವನನ್ನು ಮುಳುಗಿಸಿತು.

ದಾನಮ್ಮ ಇದನ್ನು ಮರೆತಿರಲಿಲ್ಲ, ಬಚ್ಚಿಟ್ಟೂ ಇರಲಿಲ್ಲ. ಅದು ಅವಳಿಗೆ ಅಣ್ಣನ ನೆನಪಾಗಿತ್ತು. ಅದೂ ಒಂದು ಸಾಕ್ಷಿ ಎಂದು ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

"ನನ್ನ ಕರಕೊಂಡು ಬರಾಕ ಹೋಗಿದ್ದ ಯಕ್ಕಾ" ಎಂದಳು. "ನಾನ ಕರೆಸಿದ್ದೆ. ಅಂವ ಅಣೆಕಟ್ಟಿನ ಮ್ಯಾಲ ಇದ್ದಿದ್ರ ನಾಲ್ಕಕ್ಕ ನೀರು ಕಾಣತಿತ್ತು. ಓಡಿಹೋಗಿ ಸೇತುವೆ ಮ್ಯಾಲಿಂದ ಮಂದೀನ ಸರಿಸತಿದ್ದ." ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಹುಲಿಗೆಮ್ಮ ಬೈಯುತ್ತಾಳೆಂದು ಜನ ಕಾದರು. ಅವಳು ನಿಧಾನವಾಗಿ ಬಂದು ಪೆಟ್ಟಿಗೆಯ ಮುಂದೆ ನಿಂತಳು.

"ಇದರಾಗ ನಂದೂ ಹಾಕ್ರಿ ಸಾಹೇಬ್ರ" ಎಂದಳು ನ್ಯಾಯಾಧೀಶರಿಗೆ. "ಕೆಳಸೇತುವೆಗೆ ಹೋಗಬ್ಯಾಡ್ರಿ ಅಂತ ಸಾಲ್ಯಾಗ ಮಾಸ್ತರು ಹುಡುಗರಿಗೆ ಹೇಳತಿದ್ರು. ದೊಡ್ಡ ಸೇತುವೆ ಸುತ್ತಾಗತೈತಿ, ಲಗೂನ ಬಾ ಅಂದಾಕಿ ನಾನು. ಯಾರಿಗೂ ಹೇಳಿದ್ದಿಲ್ಲ. ಎಲ್ಲಾ ಫಕೀರಣ್ಣನ ತಲಿಗೆ ಕಟ್ಟಿದೆ."

ಬಡಿಗೇರರು ಬಹಳ ಹೊತ್ತು ಬರೆದರು.

ಮರುವರ್ಷ ಹೊಸ ಕಲ್ಲು ನೆಟ್ಟರು. ಕೆಟ್ಟ ಸೆನ್ಸರ್, ಕೂಗದ ಸೈರನ್, ಮೂರು ಪತ್ರ, ಎತ್ತದ ಫೋನು, ಮೊದಲೇ ಬರೆದಿಟ್ಟ ಅಂಕಿ, ತಂಗಿಯ ಬಸ್ಸು, ತಾಯಿಯ ಅವಸರ ಎಲ್ಲವೂ ಅದರಲ್ಲಿವೆ. ಒಟ್ಟು ಮೂವತ್ತೊಂದು ಸಾಲು. ಪೂರ್ತಿ ಓದಿದರೆ ಯಾರ ಮೇಲೂ ಸಿಟ್ಟು ಮಾಡಿ ಹಗುರಾಗುವಂತಿಲ್ಲ.

ಹಾಗಾಗಿ ಯಾರೂ ಪೂರ್ತಿ ಓದುವುದಿಲ್ಲ. ಬಂದವರು ತಮಗೆ ಬೇಕಾದ ಒಂದು ಸಾಲಿನ ಚಿತ್ರ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ನೀರಾವರಿ ಇಲಾಖೆಯ ಕಡೆಯವರು ಬಸ್ಸಿನ ಸಾಲು, ಇಲಾಖೆಗೆ ಆಗದವರು ಸೈರನ್ನಿನ ಸಾಲು. ದಾನಮ್ಮನ ಫೋನಿಗೇ ಒಂದು ದಿನ ಅಪರಿಚಿತರೊಬ್ಬರಿಂದ ಚಿತ್ರ ಬಂತು. ‘ತಂಗಿಯನ್ನು ಕರೆತರಲು ಹೋಗಿದ್ದನು’, ಅಷ್ಟೇ. ಮೇಲಿನ ಸಾಲೂ ಇಲ್ಲ, ಕೆಳಗಿನದೂ ಇಲ್ಲ. ಅದನ್ನು ಕಳಿಸಿದವರ ಬಳಿಯೂ ಅವಳದೇ ಪೆಟ್ಟಿಗೆ ಇದ್ದಿರಬಹುದು. ಈಗ ಮನೆಮನೆಯಲ್ಲೂ ಇದೆ, ಬೇರೆಯವರ ಮಾತು ಪರೀಕ್ಷಿಸಲು.

ಸೋಮವಾರ ಸೋಮವಾರ ಹುಲಿಗೆಮ್ಮ ಕೊಡದಲ್ಲಿ ನೀರು ತಂದು ಆ ಕಲ್ಲು ತೊಳೆಯುತ್ತಾಳೆ. ಅವಳಿಗೆ ಓದಲು ಬಾರದು. ಮೇಲಿನಿಂದ ಕೆಳಗಿನವರೆಗೆ ಒಂದು ಸಾಲೂ ಬಿಡದೆ ಸೆರಗಿನಿಂದ ಒರೆಸುತ್ತಾಳೆ.