ಹೂವಿಲ್ಲದ ಕೌದಿ

"ಹೂವೆಲ್ಲಿ, ನಿಸಾರ್? ಈ ಕೌದಿಯ ಹೂವೆಲ್ಲಿ?!"

ಸೌದಿಯ ಜಿಜಾನಿನ ಹಳೆ ಪೇಟೆಯ ಬಟ್ಟೆ ಅಂಗಡಿಯಲ್ಲಿ, ಮೇಜಿನ ಮೇಲೆ ಸಾಲೆಹಾ ಕೌದಿ ಹರವಿದಳು. ಆಸ್ಪತ್ರೆಯಿಂದ ನರ್ಸ್ ಉಡುಪಿನಲ್ಲೇ ಓಡಿ ಬಂದಿದ್ದಳು. ಅಂಗಡಿಯ ನಿಸಾರ್ ತಲೆ ತಗ್ಗಿಸಿದ. ರಜೆ ಮುಗಿಸಿ ತನ್ನೂರು ಉಳ್ಳಾಲದಿಂದ ಮರಳಿ, ಹಳಿಯಾಳದ ಅವಳ ಅಜ್ಜಿ ಕೊಟ್ಟ ಕೌದಿಯ ಗಂಟನ್ನು ಬೆಳಿಗ್ಗೆ ಅವಳಿಗೆ ತಲುಪಿಸಿದವನು ಅವನೇ.

ಹಳಿಯಾಳದ ಸಿದ್ದಿಯರ ಮನೆಗಳಲ್ಲಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದ ಮೇಲೆ, ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿಡುತ್ತಾರೆ. ಹೂವಿಲ್ಲದ್ದು ಬೆತ್ತಲೆ ಕೌದಿ. ಹಾಗೆ ಯಾರಿಗೂ ಕೊಡುವುದಿಲ್ಲ. ಸಾಲೆಹಾಳನ್ನು ಸಾಕಿದ ಆ ಅಜ್ಜಿ, ಅವಳ ನಾನಿ, ಅಂಥದ್ದನ್ನು ಕಳಿಸುತ್ತಾಳೆಯೇ? ಸಾಧ್ಯವೇ ಇಲ್ಲ! ಅದೂ ಅಲ್ಲದೆ ನಡುವಿನ ಹೊಲಿಗೆಯೆಲ್ಲ ಸೊಟ್ಟ. ಯಾರೋ ಬಿಚ್ಚಿ ಮತ್ತೆ ಹೊಲಿದಂತಿತ್ತು.

"ನಿಮ್ಮ ತಾಯಿ ಕಿತ್ತು ಹಾಕಿದ್ರೇನು? ನನ್ನ ಫೋಟೋ ನೋಡಿ 'ಇವಳು ಯಾವ ದೇಶದವಳು' ಅಂತ ಕೇಳಿದ್ರಲ್ಲ!"

"ಹಾಗೆಲ್ಲ ಎಂತ ಇಲ್ಲ, ಸಾಲೆಹಾ..."

"ಮತ್ತೇನಾಯ್ತು, ಹೇಳ್ರಿ!"

ಅವನು ಸೊಟ್ಟ ಹೊಲಿಗೆಯೊಂದನ್ನು ಬೆರಳಿನಿಂದ ಸವರಿದ.

'ನನ್ನ ಬಣ್ಣ, ನನ್ನ ಕೂದಲು ಇವನಿಗೂ ನಾಚಿಕೆಯೇ...' ರಜೆಗೆ ಹೋಗುವ ಮುನ್ನ ನಿಕಾಹ್ ಮಾತೆತ್ತಿದ್ದ ಮನುಷ್ಯ!

"ನಮ್ಮ ಮಾತು ಇಲ್ಲಿಗೆ ಮುಗೀತು" ಎಂದು ಅವಳು ಕೌದಿ ಬಾಚಿಕೊಂಡು ಹೊರಟಳು.

ಅವಳು ಜಿಜಾನಿಗೆ ಬಂದದ್ದೇ ನಾನಿಯ ಒಂದು ಮಾತಿಗೆ. "ನಮ್ಮ ಹಿರಿಯರು ಆ ಕಡಲಿನಾಚೆಯವರು. ಯಾವ ಊರೋ ಯಾರಿಗೂ ಗೊತ್ತಿಲ್ಲ. ನೀ ಹತ್ತಿರ ಹೋದ್ರ ನಾನೂ ಹೋದಂಗ." ಡ್ಯೂಟಿ ಮುಗಿಸಿ ಸಾಲೆಹಾ ಕೆಂಪು ಸಮುದ್ರದ ದಡದಲ್ಲಿ ನಿಂತು, ಕಣ್ಣಿಗೆ ಕಾಣದ ಆಫ್ರಿಕಾದ ಕಡೆ ನೋಡುತ್ತಿದ್ದಳು. ಈಗ ಅದೂ ಬೇಡವಾಯಿತು.

ಕೆಲವು ವಾರಗಳ ನಂತರ ಚಿಕ್ಕಮ್ಮನ ಮಗಳು ಶಮೀರಾ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ನಾನಿ ಹೋಗಿಬಿಟ್ಟಿದ್ದಳು... ದಫನವೂ ಮುಗಿದಿತ್ತು.

"ಅಕ್ಕಾ, ಲಕ್ವಾ ಹೊಡೆದು ನಾನಿ ಬಲಗೈ ಬಿದ್ದು ತಿಂಗಳುಗಟ್ಟಲೆ ಆಗಿತ್ತು. ನಿಂಗ ತಿಳಿದ್ರ ಕೆಲಸ ಬಿಟ್ಟು ಬರ್ತಿ ಅಂತ ಎಲ್ಲರ ಹತ್ರ ಆಣೆ ಮಾಡಿಸ್ಕೊಂಡಿದ್ಲು. ನಿಸಾರ್ ಭಾಯಿ ಹತ್ರಾನೂ. ಪಾಪ, ಆಕಿ ಪಕ್ಕ ಕೂತು ಉಳಿದ ಸಾಲೆಲ್ಲ ಹೊಲ್ದವ್ರು ಅವ್ರ."

ಸಾಲೆಹಾ ಕೌದಿಯನ್ನು ಹತ್ತಿರ ಎಳೆದುಕೊಂಡಳು.

"ಹೂವು...?"

"ಹೂವು ಮಾತ್ರ ಕಡಲಾಚೆಯ ಬಟ್ಟೆಯಿಂದ ಸಾಲೆಹಾ ತಾನ ಹಚ್ಲಿ ಅಂದ್ಲು."

ಆ ಸೊಟ್ಟ ಹೊಲಿಗೆಗಳಲ್ಲಿ ಮುಖ ಹುದುಗಿಸಿ ಸಾಲೆಹಾ ಅತ್ತಳು. ನಾನಿಗಾಗಿ ಅತ್ತಳು, ತಾನಾಡಿದ ಮಾತಿಗಾಗಿ ಅತ್ತಳು.

ಮರುದಿನ ಅವಳು ಕೌದಿ ಹೊತ್ತು ಅಂಗಡಿಗೆ ಬಂದಾಗ ನಿಸಾರ್ ಕಪಾಟಿನಿಂದ ಕೆಂಪಂಚಿನ ಬಿಳಿ ಕೈಮಗ್ಗದ ಬಟ್ಟೆ ತೆಗೆದಿಟ್ಟ. ಪೇಟೆಯಲ್ಲಿ ಕೂರುವ ಕಡಲಾಚೆಯ ಎರಿಟ್ರಿಯಾದ ಮುದುಕಿಯಿಂದ, ಊರಿಂದ ಮರಳಿದ ದಿನವೇ ತಂದಿಟ್ಟಿದ್ದನಂತೆ.

"ಅಷ್ಟು ಬೈದ್ರೂ ಯಾಕ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ ಮಾರಾಯ್ತಿ. ಆದ್ರೆ ಹೇಳಿದ್ರೆ ನೀನು ಹೋಗಿ ಅವರ ಮುಖ ನೋಡ್ತಿದ್ದೆ... ಅದಕ್ಕೆ ನಾನು ಕ್ಷಮೆ ಹೇಗೆ ಕೇಳ್ಲಿ?" ಅವನ ಕಣ್ಣು ತುಂಬಿತು. "ಉಮ್ಮ ಎಂತದೂ ಕಿತ್ತಿಲ್ಲ. ಬಿಸಿಲಿಗೆ ಹಾಕಿ ಮಡಚಿ ಕೊಟ್ಟದ್ದೇ ಅವರು."

ಆ ನೋವು ಒಂದು ಮಾತಿಗೆ ಹೋಗುವಂಥದ್ದಲ್ಲ. ಸಾಲೆಹಾ ಬಟ್ಟೆ ಕತ್ತರಿಸಿ ಮಡಚಿದಳು. ಕಣ್ಣೊರೆಸುತ್ತ ಮೂರು ಮೂಲೆಗೆ ಹೂವಿಟ್ಟಳು. ನಾಲ್ಕನೆಯದನ್ನು ಸೂಜಿಯ ಸಮೇತ ಅವನ ಮುಂದೆ ಸರಿಸಿದಳು.

"ಇದನ್ನ ನೀವು ಹಚ್ರಿ."

"ನನ್ನ ಹೊಲಿಗೆ ಸೊಟ್ಟ, ಸಾಲೆಹಾ."

"ನಾನಿ ಬಿಚ್ಚಿಸ್ಲಿಲ್ಲಲ್ಲ... ನಾನೂ ಬಿಚ್ಚಂಗಿಲ್ಲ."