ಒದ್ದೆ ಹೆಬ್ಬೆರಳು

ಡೈರಿಯನ್ನು ಹಿಂದಕ್ಕೆ ತಿರುವಿ ನೋಡಿದೆ. ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ಸಲ ಒಬ್ಬನ ಬಲಗೈ ಹೆಬ್ಬೆರಳಿನ ಬಗ್ಗೆ ಬರೆದಿದ್ದೇನೆ. ಅಮ್ಮನ ಬಗ್ಗೆ ಮೂರೇ ಸಲ. ಇದು ಏನಾದರೂ ಕಾಯಿಲೆಯೇ ಎಂಬುದು ಇವತ್ತಿನ ಚಿಂತೆ. ಯಾರನ್ನೂ ಕೇಳುವ ಹಾಗಿಲ್ಲ.

ನಮ್ಮ ಎಂ.ಎ.ಯಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ಪೇಪರ್ ತೆಗೆದುಕೊಂಡವರು ಹನ್ನೊಂದು ಜನ. ಪಠ್ಯವಾಗಿರುವ ದಪ್ಪ ಕಥಾಸಂಕಲನ ಅಂಗಡಿಯಲ್ಲಿ ಸಿಗುವುದು ನಿಂತು ಎಷ್ಟೋ ವರ್ಷವಾಯಿತು. ಇಲಾಖೆಯ ಓದುವ ಕೋಣೆಯಲ್ಲಿ ಒಂದೇ ಪ್ರತಿ ಇದೆ, ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ಪಾಳಿ. ಬೆಳಗಿನ ಹೊತ್ತು ಉಳಿದವರದು, ಎರಡರಿಂದ ನಾಲ್ಕು ಅವನದು, ನಾಲ್ಕರಿಂದ ಆರು ನನ್ನದು.

ಅವನು ಬೆಳಿಗ್ಗೆ ಒಂದು ಪ್ರೆಸ್‌ನಲ್ಲಿ ಕರಡು ತಿದ್ದುತ್ತಾನೆ, ಅದಕ್ಕೇ ಕ್ಲಾಸಿನವರಿಗೆ ಅವನು ಪ್ರೂಫ್. ನಾನು ಬಾಯಿ ಬಿಡುವುದು ಅಪರೂಪ, ಅದಕ್ಕೇ ನಾನು ಮ್ಯೂಟ್.

ಪ್ರೂಫ್ ಪುಟ ತಿರುವುವುದು ಹೀಗೆ. ಮೊದಲು ಎಡ ಹುಬ್ಬು ಏರುತ್ತದೆ. ಹೆಬ್ಬೆರಳು ಕೆಳತುಟಿಯ ಹತ್ತಿರ ಹೋಗುತ್ತದೆ. ನಾಲಿಗೆಯ ತುದಿ ಹೊರಬಂದು ಅದನ್ನು ನೆಕ್ಕುತ್ತದೆ. ಚಪ್ ಎಂದು ಒಂದು ಸಣ್ಣ ಸದ್ದು. ಆ ಒದ್ದೆ ಬೆರಳು ನಿಧಾನಕ್ಕೆ ಬಂದು ಪುಟದ ಕೆಳಮೂಲೆಯ ಮೇಲೆ ಕೂರುತ್ತದೆ.

ನಾಲ್ಕು ಗಂಟೆಗೆ ಅದೇ ಪುಸ್ತಕ ನನ್ನ ಮುಂದೆ. ಮೂಲೆಗಳೆಲ್ಲ ಸುಕ್ಕು, ಕೆಲವು ಇನ್ನೂ ತಣ್ಣಗೆ. ನಾನು ಪೆನ್ಸಿಲ್‌ಗೆ ಟಿಶ್ಯೂ ಸುತ್ತಿ ಅದರ ತುದಿಯಿಂದ ತಿರುವುತ್ತೇನೆ. ಆದರೂ ಮನೆಗೆ ಬಂದು ಮೊಣಕೈವರೆಗೆ ಸೋಪು ಹಾಕುತ್ತೇನೆ.

ಒಂದು ದಿನ ಅವನು ಹೊರಡುವಾಗ ತಿರುಗಿ ನೋಡಿಬಿಟ್ಟ.

“ಪುಸ್ತಕಕ್ಕೆ ನೆಗಡಿನಾ?”

“ಇಲ್ಲ. ನನಗೆ,” ಅಂದೆ. ಸುಳ್ಳು.

“ಹಾಗಾದ್ರೆ ನಿಮ್ಮ ಮೂಗು ಒರೆಸ್ಕೊಳ್ಳಿ. ಅದರ ಮೂಗು ಯಾಕೆ ಒರೆಸ್ತಿದ್ದೀರಿ?”

ಅವನ ಕಣ್ಣಂಚಿನಲ್ಲಿ ನಗು ಇತ್ತು. ಅದು ಮುಖಕ್ಕೆಲ್ಲ ಹರಡಲೋ ಬೇಡವೋ ಎಂದು ನನ್ನ ಅನುಮತಿಗೆ ಕಾಯುತ್ತಿತ್ತು. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಬಿದ್ದದ್ದು ಮತ್ತೆ ಆ ಹೆಬ್ಬೆರಳೇ, ಬ್ಯಾಗಿನ ಪಟ್ಟಿ ಹಿಡಿದುಕೊಂಡಿತ್ತು.

ಅಕ್ಕನ ಹತ್ತಿರ ಹೇಳಿಕೊಂಡೆ. ಅವಳು ರಕ್ತ, ಕಫ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ನಾವಿಬ್ಬರೂ ಒಂದೇ ರೂಮಿನಲ್ಲಿರುವುದು.

“ದಿನಕ್ಕೆ ಅರವತ್ತು ಜನರ ಎಂಜಲು ನೋಡ್ತೀನಿ ಕಣೇ,” ಅಂದಳು. “ಒಬ್ಬರ ಬಗ್ಗೆಯೂ ಮನೆಗೆ ಬಂದು ಇಷ್ಟು ಮಾತಾಡಿಲ್ಲ.”

“ನಿನಗೆ ಅಭ್ಯಾಸ ಆಗಿದೆ.”

“ನಿನಗೆ ಆಗ್ತಾ ಇದೆ. ಅಲ್ಲ, ನಿನ್ನ ಪಾಳಿ ನಾಲ್ಕಕ್ಕೆ ತಾನೇ? ಎರಡೂವರೆಗೇ ಯಾಕೆ ಹೋಗ್ತೀಯ?”

“ನೋಟ್ಸ್ ಮಾಡ್ಕೊಳ್ಳೋಕೆ.”

“ಓಹೋ.”

ಅಕ್ಕನ ಓಹೋ ಮುಂದೆ ಅವಳ ಲ್ಯಾಬಿನ ಯಾವ ರಿಪೋರ್ಟೂ ಇಲ್ಲ.

ಆ ವಾರ ಮೇಡಂ ಅಸೈನ್‌ಮೆಂಟ್ ಕೊಟ್ಟರು. “ಅನ್ಯಗ್ರಹದ ಜೀವಿ ಆಕಾಶದಿಂದ ಇಳಿದು ಬರಲ್ಲ. ಬರೆಯೋರು ಯಾವುದಕ್ಕೆ ಹೇಸ್ತಾರೋ ಅದರಿಂದ ಹುಟ್ಟುತ್ತೆ. ನಿಮ್ಮ ಹೇಸಿಗೆಯಿಂದ ಒಂದು ಜೀವಿ ಮಾಡಿ. ಅದನ್ನ ಗಮನಿಸ್ತಿರೋ ಸಂಶೋಧಕರ ವರದಿ ಬೇಕು, ಎರಡು ಹಾಳೆ.” ಟೈಪ್ ಮಾಡಬೇಕು, ಹೆಸರು ಹಾಕಬಾರದು. ಚೀಟಿ ಎತ್ತಿ ಒಬ್ಬರದನ್ನು ಇನ್ನೊಬ್ಬರು ಓದುತ್ತಾರೆ. ಬರೆದವರು ತುಟಿ ಪಿಟಕ್ ಎನ್ನಬಾರದು. ನನ್ನಂಥವಳಿಗೆಂದೇ ಮಾಡಿದ ನಿಯಮ.

ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದೆ. ಆ ಜೀವಿಗೆ ಓದಲು ಕಣ್ಣು ಸಾಲದು, ಪ್ರತಿ ಪುಟದ ರುಚಿ ನೋಡಬೇಕು. ಅದರ ಎರಡನೇ ನಾಲಿಗೆ ಇರುವುದು ಹೆಬ್ಬೆರಳಿನಲ್ಲಿ. ಅದು ಕೂತೆದ್ದ ಜಾಗದಲ್ಲೆಲ್ಲ ಕಾಗದ ಒದ್ದೆ. ಕಥೆಯಲ್ಲಿ ಯಾರಾದರೂ ಸಾಯುವ ಪುಟ ಬಂದರೆ ಮಾತ್ರ ನೆಕ್ಕುವುದನ್ನು ಮರೆತು, ಮೆಲ್ಲಗೆ ಊದಿ ಹಾಳೆ ತಿರುವುತ್ತದೆ. ಇದನ್ನು ಬರೆಯುವಾಗ ಮೈ ಜುಮ್ಮೆಂದಿತು. ಅಸಹ್ಯಕ್ಕೇ ಇರಬೇಕು ಎಂದುಕೊಂಡೆ.

ಚೀಟಿ ಎತ್ತಿದ ದಿನ ನನ್ನ ವರದಿ ಹೋಗಿ ಸೇರಿದ್ದು ಪ್ರೂಫ್ ಕೈಗೆ.

ಅವನು ಎದ್ದು ನಿಂತು ಓದತೊಡಗಿದ. ಎರಡನೇ ಪ್ಯಾರಾಕ್ಕೆಲ್ಲ ಕ್ಲಾಸಿಗೆ ಯಾರೆಂದು ಗೊತ್ತಾಗಿ ಕಿಸಕ್ ಶುರುವಾಯಿತು. ಅವನಿಗೆ ಮಾತ್ರ ಗೊತ್ತಾಗಲಿಲ್ಲ. ತನ್ನ ಬೆನ್ನು ತನಗೆ ಕಾಣುತ್ತದೆಯೇ? “‘ಎಡ ಹುಬ್ಬು ಏರಿದೊಡನೆ ಎಚ್ಚರ ವಹಿಸಬೇಕು,’” ಎಂದು ಓದುವಾಗ ಅವನ ಎಡ ಹುಬ್ಬು ಏರಿಯೇ ಇತ್ತು. ಮೊದಲ ಹಾಳೆ ಮುಗಿಯಿತು. ಹೆಬ್ಬೆರಳು ತುಟಿಯ ಕಡೆ ಹೊರಟಿತು.

ಅರ್ಧ ದಾರಿಯಲ್ಲಿ ನಿಂತಿತು.

ಕ್ಲಾಸೆಲ್ಲ ಗೊಳ್ಳೆಂದಿತು.

ಅವನು ಒಣ ಬೆರಳಿನಿಂದ ಹಾಳೆ ಬಿಡಿಸಲು ನೋಡಿದ. ಜಾರಿತು. ಮತ್ತೆ ನೋಡಿದ. ಮತ್ತೆ ಜಾರಿತು. ಕಿವಿ ಕೆಂಪಾಯಿತು, ಆ ಕೆಂಪು ಕತ್ತಿನವರೆಗೆ ಇಳಿಯಿತು. ಕೊನೆಗೆ ಉಗುರಿನಿಂದ ಕೆರೆದು ಬಿಡಿಸಿದ. ಆಮೇಲೆ ಕೊನೆಯ ಸಾಲಿನವರೆಗೂ ಓದಿದ, ಒಂದು ಅಲ್ಪವಿರಾಮವನ್ನೂ ನುಂಗದೆ.

“ವರದಿ ಬರೆದವರ ಬಗ್ಗೆ ಏನು ಗೊತ್ತಾಗುತ್ತೆ?” ಮೇಡಂ ಕೇಳಿದರು.

“ತುಂಬಾ ಹೇಸಿಕೊಂಡಿದ್ದಾರೆ,” ಅಂದ ಪ್ರೂಫ್. “ಒಂದೂ ಅಚ್ಚಿನ ತಪ್ಪಿಲ್ಲ.”

ಕೂತವನು ಎರಡೂ ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡ. ನಾನು ಬಾಯಿ ಬಿಡಲಿಲ್ಲ. ನಿಯಮ ಇತ್ತಲ್ಲ. ಅವತ್ತು ನನ್ನ ಬಗ್ಗೆ ನನಗೆ ಹುಟ್ಟಿದ ಹೇಸಿಗೆಯ ಮುಂದೆ ಅವನ ಎಂಜಲು ಕಾಯಿಸಿ ಆರಿಸಿದ ನೀರು.

ಮರುದಿನ ಎರಡು ಗಂಟೆಗೆ ಅವನ ಕುರ್ಚಿ ಖಾಲಿ. ಅದರ ಮರುದಿನವೂ. ನಾಲ್ಕು ದಿನ ಬರಲಿಲ್ಲ.

ಪುಸ್ತಕ ಒಣಗಿತು. ಟಿಶ್ಯೂ ಬೇಕಿಲ್ಲ, ಸೋಪು ಬೇಕಿಲ್ಲ, ಚಪ್ ಎನ್ನುವ ಸದ್ದಿಲ್ಲ. ನನಗೆ ಬೇಕಿದ್ದುದೂ ಇದೇ. ನಾಲ್ಕು ದಿನವೂ ಒಂದೇ ಪುಟ ಮುಂದಿಟ್ಟುಕೊಂಡು ಆರು ಗಂಟೆ ಮಾಡಿದೆ. ಮೂರನೆಯ ದಿನ ನೋಡಿದರೆ ನನ್ನ ಬರಿಗೈ ಹಾಳೆಗಳ ಮೂಲೆಗಳನ್ನು ಒಂದೊಂದಾಗಿ ಸವರುತ್ತಿತ್ತು, ಅವನು ಎಲ್ಲಿಗೆ ನಿಲ್ಲಿಸಿದ್ದ ಎಂದು ಹುಡುಕುತ್ತಾ. ಸುಕ್ಕು ಇನ್ನೂರ ಅರವತ್ತೇಳಕ್ಕೆ ಮುಗಿದಿತ್ತು. ಕಥೆ ಮುಗಿಯಲು ಇನ್ನು ನಾಲ್ಕೇ ಪುಟ. ಓಡಿಹೋಗಿ ಕೈ ತೊಳೆದೆ. ತೊಳೆದು ಬಂದು ಅದೇ ಮೂಲೆಯನ್ನು ಮತ್ತೆ ಸವರಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಐದನೆಯ ದಿನ ಮೇಡಂ ವರಾಂಡದಲ್ಲಿ ಸಿಕ್ಕರು. “ಪ್ರೂಫ್ ಅಂತೀರಲ್ಲ, ಆ ಹುಡುಗ ಮುಂದಿನ ಸೆಮಿಸ್ಟರ್‌ಗೆ ನಮ್ಮ ಪೇಪರ್ ಬಿಡ್ತಾನಂತೆ. ಭಾಷಾವಿಜ್ಞಾನಕ್ಕೆ ಹೋಗ್ತಾನೆ. ಫಾರ್ಮ್ ಕೊಡೋಕೆ ಇವತ್ತೇ ಕೊನೆ.” ಅವರು ನನ್ನ ಮುಖವನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿದರು. “ಕೆಳಗೆ ಕೌಂಟರ್ ಹತ್ತಿರ ನಿಂತಿದ್ದ.”

ಮೆಟ್ಟಿಲು ಹೇಗಿಳಿದೆನೋ ಗೊತ್ತಿಲ್ಲ. ಕೌಂಟರಿನ ಮುಂದೆ ಸಾಲು. ಅವನ ಮುಂದೆ ಇನ್ನಿಬ್ಬರು. ಎಡಗೈಯಲ್ಲಿ ಫಾರ್ಮ್, ಬಲಗೈ ಜೇಬಿನೊಳಗೆ. ಪಕ್ಕದಲ್ಲಿ ಹೋಗಿ ನಿಂತು ಬಾಯಿ ತೆರೆದೆ.

“ಕಷ್ಟಪಡಬೇಡಿ,” ಅಂದ ಅವನು. “ನೀವೇ ಬರೆದದ್ದು ಅಂತ ಗೊತ್ತು. ಎರಡೂವರೆಗೆ ಬಂದು ಎದುರು ಕೂರೋರು ಬೇರೆ ಯಾರಿದ್ದಾರೆ? ಸಾಯೋ ಪುಟ ಬಂದ್ರೆ ಊದ್ತೀನಿ ಅನ್ನೋದು ನನಗೇ ಗೊತ್ತಿರಲಿಲ್ಲ.”

ಸಾಲು ಒಂದು ಹೆಜ್ಜೆ ಸರಿಯಿತು. ನಾವೂ ಸರಿದೆವು.

“ನಕ್ಕಿದ್ದಕ್ಕೆ ಹೋಗ್ತಿಲ್ಲ,” ಅಂದ. “ಪ್ರೆಸ್‌ನಲ್ಲಿ ಇದಕ್ಕಿಂತ ಹೆಚ್ಚು ಆಡ್ಕೋತಾರೆ. ಬೇರೆ ಯಾರಾದ್ರೂ ಬರೆದಿದ್ರೆ ನಾನೂ ನಗ್ತಿದ್ದೆ. ನೀವು ಎರಡೂವರೆಗೇ ಬರ್ತಿದ್ರಲ್ಲ, ಅದಕ್ಕೆ ನಾನು ಬೇರೇನೋ ಕಾರಣ ಅಂದ್ಕೊಂಡಿದ್ದೆ.”

ಜೇಬಿನಿಂದ ಕೈ ಹೊರಬಂತು. ಅಂಗೈಯಲ್ಲಿ ಒಂದು ಪುಟ್ಟ ಡಬ್ಬಿ, ಒಳಗೆ ಒದ್ದೆ ಸ್ಪಂಜು.

“ಹಾಳೆ ಎಣಿಸೋರು ಇಟ್ಕೋತಾರಲ್ಲ, ಅದು. ನಾಲ್ಕು ದಿನ ಪ್ರಾಕ್ಟೀಸ್ ಮಾಡಿದೆ. ಮೊದಲು ಸ್ಪಂಜಿಗೆ ಒತ್ತುತ್ತೀನಿ, ಆಮೇಲೆ ಆ ಬೆರಳನ್ನೇ ಬಾಯಿಗೂ ಇಡ್ತೀನಿ. ಅಷ್ಟು ಗಟ್ಟಿ ಚಾಳಿ. ಬಿಟ್ಟುಬಿಡ್ತೀನಿ ಅಂತ ಸುಳ್ಳು ಹೇಳಲ್ಲ.”

ನಗು ಬಂತು, ನಗುತ್ತಲೇ ಕೈಯನ್ನು ಬಟ್ಟೆಗೆ ಒರೆಸಿಕೊಂಡೆ.

“ಮುಂದಿನವರು,” ಅಂದಳು ಕಿಟಕಿಯ ಒಳಗಿನ ಗುಮಾಸ್ತೆ. ಅವನ ಮುಂದೆ ಯಾರೂ ಉಳಿದಿರಲಿಲ್ಲ.

“ಒಂದೇ ಪ್ರಶ್ನೆ,” ಅಂದ ಅವನು, ಫಾರ್ಮನ್ನು ಅರ್ಧ ಕಿಟಕಿಯೊಳಗೆ ಚಾಚಿಕೊಂಡು. “ಸಮಾಧಾನಕ್ಕೆ ಏನೋ ಒಂದು ಹೇಳ್ಬೇಡಿ. ನನ್ನನ್ನ ಕಂಡ್ರೆ ಅಸಹ್ಯ ಆಗುತ್ತಾ?”

ಇಲ್ಲ ಎಂದುಬಿಡಬಹುದಿತ್ತು. ಎರಡಕ್ಷರ. ಇಷ್ಟು ವರ್ಷ ಅಂಥ ಎರಡಕ್ಷರಗಳ ಹಿಂದೆಯೇ ಅಡಗಿಕೊಂಡು ಬದುಕಿದ್ದೇನೆ. ಗುಮಾಸ್ತೆಯ ಕೈ ಫಾರ್ಮಿನ ಇನ್ನೊಂದು ತುದಿ ಹಿಡಿಯಿತು. ನಾನು ಈ ತುದಿ ಹಿಡಿದೆ, ಅವನ ಹೆಬ್ಬೆರಳಿನ ಪಕ್ಕದಲ್ಲೇ.

“ಆಗುತ್ತೆ,” ಅಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. “ಪ್ರತಿ ಸಲ ಆಗುತ್ತೆ, ಈಗಲೂ ಆಗ್ತಿದೆ. ಆದ್ರೆ ನಾಲ್ಕು ದಿನದಿಂದ ಆ ಪುಸ್ತಕ ಒಣಗಿದೆ, ನನಗೆ ಒಂದು ಸಾಲೂ ಓದೋಕೆ ಆಗ್ತಿಲ್ಲ.”